ಡ್ಯಾನಿಗೆ ಬೇಡಿ ತೊಡಿಸದ ಶೆರಿಫ್

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಬಂದ, ಹಾಲಿವುಡ್ ಚಿತ್ರ ‘ಮೂನ್‌ರೈಸ್’ ಕುರಿತ ಲೇಖನದ ಬಗ್ಗೆ ನೀವು ಬರೆದ ಪತ್ರವನ್ನು ಎರಡು ಸಲ ಓದಿದೆ. ಕೊಲೆಗಾರನಿಗೆ ಅಪ್ಪನ ಕಥೆ ಕಟ್ಟಿ ಕನಿಕರ ಗಿಟ್ಟಿಸುವ ಚಿತ್ರವಿದು, ಕೊನೆಯ ಶರಣಾಗತಿಯೂ ಸೆನ್ಸಾರ್ ಕಟ್ಟಳೆಗೆ ಹೆದರಿ ಅಂಟಿಸಿದ್ದು ಎಂದಿದ್ದೀರಿ.

ಕಟ್ಟಳೆಯ ಮಾತು ನಿಜ. 1934ರಿಂದ ಬಿಗಿಯಾಗಿ ಜಾರಿಯಾದ ಪ್ರೊಡಕ್ಷನ್ ಕೋಡ್ ಎಂಬ ಹಾಲಿವುಡ್ ಕಟ್ಟಳೆಯ ಪ್ರಕಾರ ತೆರೆಯ ಮೇಲೆ ಅಪರಾಧಿ ಪಾರಾಗುವ ಹಾಗಿರಲಿಲ್ಲ. 1948ರ ಈ ಚಿತ್ರಕ್ಕೂ ಆ ನಿಯಮವಿತ್ತು. ಆದರೆ ಕೊಲೆ ಮಾಡಿದ ನಾಯಕ ಡ್ಯಾನಿ ತಾನಾಗಿ ಬಂದು ನಿಂತಾಗ, ಬೇಡಿ ಹಾಕಲು ಹೋದವನನ್ನು ಊರಿನ ಪೊಲೀಸ್ ಅಧಿಕಾರಿಯಾದ ಶೆರಿಫ್ ತಡೆಯುತ್ತಾನಲ್ಲ, ತಲೆಯೆತ್ತಿ ನಡೆದು ಬರಲಿ ಎನ್ನುತ್ತಾನಲ್ಲ, ಅದನ್ನು ಯಾವ ಕೋಡೂ ಕೇಳಿರಲಿಲ್ಲ. ಅದು ನಿರ್ದೇಶಕ ಫ್ರಾಂಕ್ ಬೊರ್ಜೇಗಿಯ ಮನಸ್ಸು.

ಮೊದಲ ನಿಮಿಷಗಳನ್ನು ಇನ್ನೊಮ್ಮೆ ನೋಡಿ. ಮಳೆಯಲ್ಲಿ ಗಲ್ಲುಗಂಬದತ್ತ ನಡೆಯುವ ಕಾಲುಗಳು, ಗೋಡೆಯ ಮೇಲೆ ನೆರಳು. ಅಲ್ಲಿಂದ ನೇರ ಅಳುವ ಕೂಸಿಗೆ. ತೊಟ್ಟಿಲ ಮೇಲೆ ನೇತುಹಾಕಿದ ಗೊಂಬೆ. ಅಪ್ಪನ ಕೊರಳಿನ ಹಗ್ಗ ಮಗನ ತೊಟ್ಟಿಲಿಗೇ ಬಂತು. ಕೌಬಾಯ್ ಚಿತ್ರ, ಸೀರಿಯಲ್‌ಗಳಿಗೆ ಹೆಸರಾದ ರಿಪಬ್ಲಿಕ್ ಎಂಬ ಸಣ್ಣ ಸ್ಟುಡಿಯೊ ಇದನ್ನು ಮಾಡಿತು. ಜೌಗುಕಾಡನ್ನೂ ಒಳಗೇ ಕಟ್ಟಿದರು. ಕೈ ಬಿಗಿಯಿದ್ದಾಗ ನೆರಳಿನಿಂದ ಎಷ್ಟು ಹೇಳಿಸಬಹುದು ಎಂಬುದು ಛಾಯಾಗ್ರಾಹಕ ಜಾನ್ ಎಲ್. ರಸೆಲ್‌ಗೆ ಗೊತ್ತಿತ್ತು, 1960ರ ‘ಸೈಕೋ’ ಚಿತ್ರೀಕರಿಸಿದವರೂ ಅವರೇ.

ಕನಿಕರದ ವಿಷಯ. ಗಲ್ಲಿಗೇರಿದವನ ಮಗನೆಂದು ಡ್ಯಾನಿಯನ್ನು ಊರ ಹುಡುಗರು ಬಾಲ್ಯದಿಂದ ಹೊಡೆದು ಹಂಗಿಸಿದ್ದಾರೆ. ಬ್ಯಾಂಕರ್ ಮಗ ಜೆರಿಯೊಂದಿಗಿನ ಜಗಳ ಕೊಲೆಯಲ್ಲಿ ಮುಗಿಯುತ್ತದೆ. ಇಷ್ಟಕ್ಕೇ ಚಿತ್ರ ನಿಂತಿದ್ದರೆ ನಿಮ್ಮ ಮಾತು ಒಪ್ಪುತ್ತಿದ್ದೆ. ಆಮೇಲೆ ರಕೂನ್ ಬೇಟೆ ಬರುತ್ತದೆ. ಮರ ಹತ್ತಿದ ಡ್ಯಾನಿ ಮತ್ತು ಕೊಂಬೆಯ ಮೇಲೆ ಸಿಕ್ಕಿಬಿದ್ದ ಪ್ರಾಣಿ ಮುಖಾಮುಖಿ. ತನ್ನ ಪಾಡೇ ಅದಕ್ಕೂ ಎಂದು ಅವನ ಕಣ್ಣಿಗೇ ಗೊತ್ತಾಗುತ್ತದೆ. ಆದರೂ ಕೆಳಗೆ ಕಾದ ನಾಯಿಗಳ ಬಾಯಿಗೆ ಅದನ್ನು ಉದುರಿಸುತ್ತಾನೆ. ಮುಂದೆ, ಮಾತು ಬಾರದ ಬಿಲ್ಲಿಯ ಕುತ್ತಿಗೆ ಹಿಸುಕಲೂ ಕೈ ಹಾಕುತ್ತಾನೆ. ಕನಿಕರ ಗಿಟ್ಟಿಸಲು ಹೊರಟವರು ಈ ಎರಡು ದೃಶ್ಯ ಇಡುವುದಿಲ್ಲ. ಬಿಲ್ಲಿಯ ಕತ್ತಿನಿಂದ ಆ ಕೈ ಸಡಿಲವಾಗುವ ಗಳಿಗೆಯಲ್ಲೇ ಡ್ಯಾನಿ ಬದಲಾಗಲು ಶುರುಮಾಡಿದ ಎಂಬುದು ನನ್ನ ನಂಬಿಕೆ.

ಇನ್ನು ಮೋಸ್. ರೆಕ್ಸ್ ಇಂಗ್ರಾಮ್ ಮಾಡಿದ ಈ ಕಪ್ಪು ಹಿರಿಯ ಜೌಗಿನಲ್ಲಿ ನಾಯಿಗಳೊಂದಿಗೆ ಒಬ್ಬನೇ ಇದ್ದಾನೆ. ಮನುಷ್ಯರ ಸಹವಾಸ ಬಿಟ್ಟದ್ದೇ ತನ್ನ ದೊಡ್ಡ ಅಪರಾಧ ಎಂದು ಕೊನೆಗೆ ಅವನೇ ಹೇಳಿಕೊಳ್ಳುತ್ತಾನೆ. ಕಪ್ಪು ಕಲಾವಿದರಿಗೆ ಆಳು, ಅಡುಗೆಯವರ ಪಾತ್ರವನ್ನೇ ಹೆಚ್ಚಾಗಿ ಕೊಡುತ್ತಿದ್ದ ಹಾಲಿವುಡ್, ಚಿತ್ರದ ಅತ್ಯಂತ ತೂಕದ ಮಾತನ್ನು ಈತನ ಬಾಯಲ್ಲಿಟ್ಟಿತು. ಇದನ್ನು ನಮ್ಮ ಲೇಖನ ಹೇಳಬೇಕಿತ್ತು, ಹೇಳಲಿಲ್ಲ.

ನಿಮ್ಮ ಒಂದು ದೂರನ್ನು ಪೂರ್ತಿ ಒಪ್ಪುತ್ತೇನೆ. ಡ್ಯಾನಿ ಪ್ರೀತಿಸುವ ಗಿಲ್ಲಿ, ಸತ್ತ ಜೆರಿಯನ್ನೇ ಮದುವೆಯಾಗಬೇಕಿದ್ದವಳು. ಅವಳ ದುಃಖಕ್ಕೆ ಚಿತ್ರ ಜಾಗ ಕೊಟ್ಟಿಲ್ಲ.

– ಸಂ.