ಒಂದು ಮೊಳ ಮಲ್ಲಿಗೆಯ ಲೆಕ್ಕ

ದಾವಣಗೆರೆಯಿಂದ ಪ್ರಾಥಮಿಕ ಶಾಲೆಯ ಶಿಕ್ಷಕಿಯೊಬ್ಬರು ಬರೆದಿದ್ದಾರೆ. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಪತ್ರದ ಮುಖ್ಯ ಭಾಗ ಹೀಗಿದೆ:

“ನನಗೆ 46 ವರ್ಷ. ಯುಗಾದಿ ಕಳೆದ ಮೇಲೆ ದಿನಾ ಬೆಳಿಗ್ಗೆ ಕುಂದವಾಡ ಕೆರೆ ಏರಿಯ ಮೇಲೆ ನಡೆಯಲು ಶುರು ಮಾಡಿದೆ. ರಾತ್ರಿ ಅನ್ನ ಕಡಿಮೆ ಮಾಡಿದೆ. 76 ಕಿಲೋ ಇದ್ದವಳು ಹತ್ತು ವಾರದಲ್ಲಿ 71ಕ್ಕೆ ಬಂದೆ. ವಾರಕ್ಕೆ ಅರ್ಧ ಕಿಲೋ ಇಳಿದರೆ ಭಾನುವಾರ ಬೆಣ್ಣೆ ದೋಸೆ ಎಂದು ನನಗೆ ನಾನೇ ಮಾತು ಕೊಟ್ಟುಕೊಂಡಿದ್ದೆ. ಈಗ ಮೂರು ವಾರದಿಂದ ಮುಳ್ಳು ಅಲ್ಲೇ ನಿಂತಿದೆ. ಎರಡು ಭಾನುವಾರ ದೋಸೆ ಇಲ್ಲದೆ ಕಳೆದೆ. ಮೂರನೆಯ ಭಾನುವಾರ ಸಿಟ್ಟಿಗೆ ಎರಡು ಪ್ಲೇಟು ತಿಂದು, ಆಮೇಲೆ ನಾಲ್ಕು ದಿನ ಏರಿಯ ಕಡೆ ತಲೆಹಾಕಲಿಲ್ಲ. ಎಂಜಿನಿಯರಿಂಗ್ ಓದುವ ಮಗಳು ‘ನಿನಗೆ ನೀನೇ ಲಂಚ ಕೊಟ್ಕೊಂಡ್ರೆ ಹಿಂಗೇ ಆಗೋದು ಅಮ್ಮ’ ಅಂತಾಳೆ. ಮಗ್ಗಿ ಒಪ್ಪಿಸಿದ ಮಕ್ಕಳಿಗೆ ನಾನು ಚಾಕೊಲೇಟ್ ಕೊಡುತ್ತೇನಲ್ಲ, ಅದೂ ಲಂಚವೇ? ನನಗೆ ನಾನು ಬಹುಮಾನ ಕೊಟ್ಟುಕೊಳ್ಳುವುದು ತಪ್ಪೇ?”

ಮೇಡಂ, ತಪ್ಪಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ. ಗಂಡನ ಬಡ್ತಿಗೆ ಪಾಯಸ, ಮಗಳ ರ‍್ಯಾಂಕಿಗೆ ಮೊಬೈಲು, ಅತ್ತೆಯ ಕಣ್ಣಿನ ಆಪರೇಷನ್ ಸುಸೂತ್ರವಾಗಿದ್ದಕ್ಕೆ ದೇವರಿಗೆ ಅಭಿಷೇಕ, ಎಲ್ಲವನ್ನೂ ನೆನಪಿಟ್ಟು ಮಾಡಿದವರು ನೀವು. ಹತ್ತು ವಾರ ನಸುಕಿನಲ್ಲಿ ಎದ್ದು ಐದು ಕಿಲೋ ಇಳಿಸಿದ ಹೆಂಗಸಿಗೆ ಆ ಮನೆಯಲ್ಲಿ ಯಾರೂ ಏನೂ ಕೊಡಲಿಲ್ಲ ಎಂದು ನಿಮ್ಮ ಪತ್ರ ಓದಿದರೆ ಗೊತ್ತಾಗುತ್ತದೆ. ನೀವೇ ಕೊಟ್ಟುಕೊಂಡಿರಿ. ಸರಿಯಾಗಿಯೇ ಮಾಡಿದಿರಿ. ನನ್ನ ತಕರಾರು ಇರುವುದು ಕೊಟ್ಟ ವಸ್ತುವಿನ ಬಗ್ಗೆ, ಮತ್ತು ಯಾವುದಕ್ಕೆ ಕೊಟ್ಟಿರಿ ಎಂಬುದರ ಬಗ್ಗೆ.

ನಿಮ್ಮ ಮಗಳ ಮಾತಿನಲ್ಲಿ ಹುರುಳಿಲ್ಲದೆ ಇಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಿಶುವಿಹಾರದಲ್ಲಿ ನಡೆದು 1973ರಲ್ಲಿ ಪ್ರಕಟವಾದ ಒಂದು ಪ್ರಯೋಗ ಹೆಸರಾದದ್ದು. ಚಿತ್ರ ಬರೆಯುವುದೆಂದರೆ ಇಷ್ಟಪಡುವ ಮೂರರಿಂದ ಐದು ವರ್ಷದ ಮಕ್ಕಳಲ್ಲಿ ಕೆಲವರಿಗೆ, ಬರೆದರೆ ಚಿನ್ನದ ನಕ್ಷತ್ರವಿರುವ ಪ್ರಮಾಣಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದರು. ಒಂದೆರಡು ವಾರದ ನಂತರ ನೋಡಿದರೆ ಆ ಮಕ್ಕಳು ಉಳಿದವರಿಗಿಂತ ಅರ್ಧದಷ್ಟು ಹೊತ್ತು ಮಾತ್ರ ಬಣ್ಣದ ಪೆನ್ನು ಹಿಡಿಯುತ್ತಿದ್ದರು. ಬಹುಮಾನದಿಂದ ಪ್ರೀತಿ ಕೆಡುತ್ತದೆ ಎನ್ನುವವರು ಇಂದಿಗೂ ಇದನ್ನೇ ಎತ್ತುತ್ತಾರೆ. ಆದರೆ ಆ ಮಕ್ಕಳಿಗೆ ಚಿತ್ರದ ಮೇಲೆ ಪ್ರೀತಿ ಮೊದಲೇ ಇತ್ತು. ಬೆಳಗಿನ ಐದೂವರೆಗೆ ಕಾಲು ನೋಯಿಸಿಕೊಂಡು ಏರಿ ಸುತ್ತುವುದರ ಮೇಲೆ ನಿಮಗೆ ಏಪ್ರಿಲ್‌ನಲ್ಲಿ ಯಾವ ಪ್ರೀತಿ ಇದ್ದೀತು? ಇಲ್ಲದ ಪ್ರೀತಿಯನ್ನು ಬಹುಮಾನ ಕೆಡಿಸಲಾರದು. ಪ್ರೀತಿ ಹುಟ್ಟುವ ತನಕ ಕೈಹಿಡಿದು ನಡೆಸಬಲ್ಲದು.

ಇದನ್ನು ನಾನು ಕಲಿತದ್ದು ಅಮ್ಮನಿಂದ. ನಾವಾಗ ಮೈಸೂರಿನ ಸರಸ್ವತಿಪುರಂನಲ್ಲಿದ್ದೆವು. ಅಮ್ಮನಿಗೆ ಐವತ್ತೊಂದಕ್ಕೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ನಡೆಯಲು ಹೇಳಿದರು. ಸುಮ್ಮನೆ ನಡೆಯುವುದು ಎಂದರೆ ಅವಳಿಗೆ ಅರ್ಥವೇ ಆಗಲಿಲ್ಲ, ಕೆಲಸವಿಲ್ಲದೆ ಬೀದಿಗೆ ಇಳಿದವಳೇ ಅಲ್ಲ. ಒಂದು ವಾರ ಹಿಂದೆಮುಂದೆ ನೋಡಿ, ಕೊನೆಗೆ ಅವಳೇ ದಾರಿ ಹುಡುಕಿದಳು. ನಂಜುಮಳಿಗೆ ವೃತ್ತದ ಹತ್ತಿರ ಹೂ ಮಾರುವಾಕೆ ಒಬ್ಬಳು ಕೂರುತ್ತಿದ್ದಳು. ಸಂಜೆ ಅಲ್ಲಿಯವರೆಗೆ ನಡೆಯುವುದು, ಒಂದು ಮೊಳ ಮಲ್ಲಿಗೆ ಕೊಳ್ಳುವುದು, ವಾಪಸು ಬರುವುದು. ಹೂವಿನವಳು ಮೊಳಕೈಯಿಂದ ಬೆರಳ ತುದಿಯವರೆಗೆ ಅಳೆದು, ದಾರ ಕಚ್ಚಿ ಹರಿಯುವ ಮುನ್ನ ನಾಲ್ಕು ಬೆರಳು ಹೆಚ್ಚಿಗೆ ಎಳೆಯುತ್ತಿದ್ದಳು. ಅಮ್ಮ ಬಾಳೆಲೆಯ ಪೊಟ್ಟಣವನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಅರ್ಧ ದೇವರ ಪಟಕ್ಕೆ, ಅರ್ಧ ತನ್ನ ತುರುಬಿಗೆ. ಮಲ್ಲಿಗೆಯ ಕಾಲ ಮುಗಿದರೆ ಕಾಕಡ. ಮಳೆಯೆಂದು ನಡೆಯದ ದಿನ ತುರುಬು ಬೋಳು. ಅಪ್ಪ ಒಮ್ಮೆ ಸ್ಕೂಟರಿನಲ್ಲಿ ದೇವರಾಜ ಮಾರುಕಟ್ಟೆಗೆ ಹೋದವರು ಎರಡು ಮಾರು ತಂದುಕೊಟ್ಟರು. ಅಮ್ಮ ಅದಷ್ಟನ್ನೂ ದೇವರಿಗೇ ಏರಿಸಿದಳು. “ನಾನು ಮುಡಿಯೋದು ನಡೆದ ಹೂ” ಎಂದಳು. ಹದಿನೈದು ವರ್ಷ ನಡೆದಳು.

ಅಮ್ಮನ ಲೆಕ್ಕವನ್ನು ಗಮನಿಸಿ. ಹೂ ಸಿಗುತ್ತಿದ್ದುದು ನಡೆದದ್ದಕ್ಕೆ. ಸಕ್ಕರೆ ಎಷ್ಟು ಇಳಿಯಿತು ಎಂದು ಕೇಳಿ ಯಾರೂ ಹೂ ಕೊಡಲಿಲ್ಲ. ಸಿಗುತ್ತಿದ್ದುದು ಅಂದೇ, ಆ ದಾರಿಯ ತುದಿಯಲ್ಲೇ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಕೇಟಿ ಮಿಲ್ಕ್‌ಮನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದಾಗ ನನಗೆ ಆ ಹೂವಿನವಳೇ ನೆನಪಾದಳು. 226 ಜನರ ಅಧ್ಯಯನ ಅದು. ಅವರಲ್ಲಿ ಒಂದು ಗುಂಪಿಗೆ, ಕೆಳಗಿಡಲು ಮನಸ್ಸಾಗದಂಥ ಕಾದಂಬರಿಗಳ ಧ್ವನಿಮುದ್ರಿಕೆಯನ್ನು ಜಿಮ್‌ನಲ್ಲಿ ಮಾತ್ರ ಕೇಳಲು ಬಿಟ್ಟರು. ಆ ಗುಂಪಿನವರು ಮೊದಮೊದಲು ಉಳಿದವರಿಗಿಂತ ನೂರಕ್ಕೆ 51ರಷ್ಟು ಹೆಚ್ಚು ಸಲ ಜಿಮ್‌ಗೆ ಬಂದರು. ನಡುವೆ ಥ್ಯಾಂಕ್ಸ್‌ಗಿವಿಂಗ್ ರಜೆ ಬಂದು ಅಭ್ಯಾಸ ತಪ್ಪಿದ ಮೇಲೆ ಆ ಹೆಚ್ಚಳ ಕರಗಿತು. ನೀವು ನಾಲ್ಕು ದಿನ ಏರಿಗೆ ಹೋಗದೆ ಕುಳಿತದ್ದೂ ಅಂಥದೇ. ಮತ್ತೆ ಹೊರಟರಾಯಿತು, ಅದಕ್ಕೆ ಪ್ರಾಯಶ್ಚಿತ್ತ ಬೇಕಿಲ್ಲ.

ನೀವು ಬಹುಮಾನದ ಬೀಗದಕೈಯನ್ನು ತಕ್ಕಡಿಯ ಕೈಗೆ ಕೊಟ್ಟಿರಿ. ನನ್ನ ದೊಡ್ಡ ಆಕ್ಷೇಪ ಇದೇ. ತಕ್ಕಡಿಗೆ ನೀವು ನಡೆದದ್ದು ಗೊತ್ತಾಗುವುದಿಲ್ಲ. ಹಿಂದಿನ ರಾತ್ರಿ ಉಪ್ಪಿನಕಾಯಿ ಸ್ವಲ್ಪ ಹೆಚ್ಚು ನೆಂಚಿಕೊಂಡಿದ್ದರೆ ದೇಹ ನೀರು ಹಿಡಿದುಕೊಳ್ಳುತ್ತದೆ, ಮುಳ್ಳು ಏರುತ್ತದೆ. ಬೆಳಿಗ್ಗೆಗೂ ಸಂಜೆಗೂ ಒಂದು ಕಿಲೋ ವ್ಯತ್ಯಾಸ ಮಾಮೂಲು. ಮುಟ್ಟಿನ ದಿನಗಳ ಹಿಂದುಮುಂದಂತೂ ನೀವೇ ಬಲ್ಲಿರಿ. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲೊರಿ ಖರ್ಚಾಗಬೇಕು. ನಿಮ್ಮ ತೂಕದವರು ಒಂದು ಗಂಟೆ ಚುರುಕಾಗಿ ನಡೆದರೆ 250ರ ಆಸುಪಾಸು ಹೋಗುತ್ತದೆ. ಅದರ ಮೇಲೆ, ಮೈ ಹಗುರಾದಂತೆ ಅದೇ ನಡಿಗೆಗೆ ಅಷ್ಟು ಖರ್ಚೂ ಆಗುವುದಿಲ್ಲ. ಹತ್ತು ವಾರ ಇಳಿದ ಮುಳ್ಳು ಮೂರು ವಾರ ನಿಂತರೆ ನೀವು ಏನೋ ತಪ್ಪು ಮಾಡಿದಿರಿ ಎಂದು ಅರ್ಥವಲ್ಲ. ಆ ಮೂರು ವಾರವೂ ನೀವು ಏರಿಯ ಮೇಲಿದ್ದಿರಿ. ಪ್ರಾಮಾಣಿಕವಾಗಿ ದುಡಿದ ಮೂರು ವಾರದ ಕೂಲಿಯನ್ನು ನಿಮಗೆ ನೀವೇ ಹಿಡಿದಿಟ್ಟುಕೊಂಡಿರಿ. ಸಿಟ್ಟು ಬರದೆ ಇನ್ನೇನಾಗುತ್ತದೆ?

ತೂಕಕ್ಕೆ ಬಹುಮಾನ ಕಟ್ಟಿದರೆ ಏನಾಗುತ್ತದೆ ಎಂಬುದನ್ನು ದೊಡ್ಡ ಮಟ್ಟದಲ್ಲೂ ನೋಡಿಯಾಗಿದೆ. 2008ರಲ್ಲಿ ಅಮೆರಿಕದ ವೈದ್ಯರ ಸಂಘದ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ 57 ಜನರಿದ್ದರು. ಇಳಿಸಿದ ತೂಕಕ್ಕೆ ಹಣ ಸಿಗುತ್ತದೆ ಎಂದವರು 16 ವಾರದಲ್ಲಿ ಸರಾಸರಿ ಆರು ಕಿಲೋದಷ್ಟು ಇಳಿದರು. ಹಣವಿಲ್ಲದವರು ಎರಡು ಕಿಲೋಗಿಂತ ಕಡಿಮೆ. ಹಣ ನಿಂತ ಮೇಲೆ ಇಳಿದವರು ಬಹುಮಟ್ಟಿಗೆ ಮತ್ತೆ ಏರಿದರು. 2013ರ ರಂಜಾನ್ ತಿಂಗಳಲ್ಲಿ ದುಬೈ ನಗರಾಡಳಿತ, ನಮ್ಮ ಕರಾವಳಿಯ ಎಷ್ಟೋ ಮಂದಿ ದುಡಿಯುವ ಊರದು, ಇಳಿಸಿದ ಪ್ರತಿ ಕಿಲೋಗೆ ಒಂದು ಗ್ರಾಂ ಚಿನ್ನ ಕೊಡುವುದಾಗಿ ಸಾರಿತು. ಜನ ಸಾಲುಗಟ್ಟಿದರು. ಬೆಂಗಳೂರಿನಲ್ಲಿ ನನ್ನ ತಂಗಿಯ ಮಗ ಕೆಲಸ ಮಾಡುವ ಕಂಪನಿಯಲ್ಲೂ ಇಂಥದೊಂದು ಪಂದ್ಯ ನಡೆಯಿತು. ಗೆದ್ದ ಹುಡುಗ ಕೊನೆಯ ತೂಕದ ಹಿಂದಿನ ದಿನ ಒಂದು ಲೋಟ ನೀರನ್ನೂ ಕುಡಿದಿರಲಿಲ್ಲ. ಬಹುಮಾನದ ಫೋಟೋ ತೆಗೆಸಿಕೊಳ್ಳುವಾಗ ಅವನ ತುಟಿ ಒಡೆದಿತ್ತಂತೆ.

ತಕ್ಕಡಿಯನ್ನು ಎಸೆಯಿರಿ ಎನ್ನುತ್ತಿಲ್ಲ. ಅಮೆರಿಕದಲ್ಲಿ 1994ರಿಂದ ಒಂದು ದಾಖಲೆ ಇಡುತ್ತಿದ್ದಾರೆ, ಕನಿಷ್ಠ 13 ಕಿಲೋ ಇಳಿಸಿ ಒಂದು ವರ್ಷವಾದರೂ ಏರದಂತೆ ಉಳಿಸಿಕೊಂಡವರದು. ಅವರಲ್ಲಿ ಮುಕ್ಕಾಲು ಪಾಲು ಜನ ವಾರಕ್ಕೊಮ್ಮೆಯಾದರೂ ತೂಕ ನೋಡುತ್ತಾರೆ, ಹೆಚ್ಚುಕಡಿಮೆ ಎಲ್ಲರೂ ದಿನಕ್ಕೆ ಒಂದು ಗಂಟೆಯಷ್ಟು ಮೈ ದಣಿಸುತ್ತಾರೆ. ನೀವೂ ವಾರಕ್ಕೊಮ್ಮೆ ನೋಡಿ, ಬರೆದಿಡಿ, ಅಷ್ಟೇ.

ಇನ್ನು ಬೆಣ್ಣೆ ದೋಸೆ. ದಾವಣಗೆರೆಯವರಿಗೆ ಬೆಣ್ಣೆ ದೋಸೆ ತಿನ್ನಬೇಡಿ ಎಂದು ಬರೆಯುವಷ್ಟು ಕಲ್ಲುಮನಸ್ಸು ನನ್ನದಲ್ಲ. ದೊಡ್ಡ ಚಮಚ ಬೆಣ್ಣೆಗೆ ನೂರು ಕ್ಯಾಲೊರಿ ಎಂಬ ಲೆಕ್ಕ ಹೇಳಬಹುದು, ಆದರೆ ನನ್ನ ಚಿಂತೆ ಆ ಲೆಕ್ಕದ್ದಲ್ಲ. ದೋಸೆ ಸಂಬಳವಾದ ದಿನ ನಡಿಗೆ ಜೀತವಾಯಿತು. ಆರು ದಿನ ಸಾಕಪ್ಪಾ ಎನ್ನುತ್ತ ತೆರಬೇಕಾದ ದಂಡವಾಯಿತು. ನಮ್ಮ ಹಿರಿಯರು ತಿನಿಸನ್ನು ಹೀಗೆ ಕೂಲಿಯಾಗಿ ಇಟ್ಟಿರಲಿಲ್ಲ. ಹೋಳಿಗೆ ಯುಗಾದಿಗೆ ಬರುತ್ತದೆ. ನೀವು ವರ್ಷವಿಡೀ ಹೇಗಿದ್ದಿರಿ ಎಂದು ಕೇಳುವುದಿಲ್ಲ. ಏಕಾದಶಿ ಪೂರ್ತಿ ಉಪವಾಸವಿದ್ದವರಿಗೂ ದ್ವಾದಶಿ ಪಾರಣೆಯಲ್ಲಿ ಎಲೆಗೆ ಬೀಳುವುದು ಅಗಸೆ ಸೊಪ್ಪು, ನೆಲ್ಲಿಕಾಯಿ. ಉಪವಾಸಕ್ಕೆ ಪ್ರತಿಫಲವಾಗಿ ಜಿಲೇಬಿ ಕೊಡಬೇಕೆಂದು ಯಾರಿಗೂ ತೋಚಲಿಲ್ಲ. ಹಬ್ಬದಂತೆ ದೋಸೆಗೂ ಒಂದು ದಿನ ಗೊತ್ತುಮಾಡಿ. ತಿಂಗಳ ಎರಡನೆಯ ಭಾನುವಾರ, ಯಜಮಾನರು, ಮಗಳ ಜೊತೆ. ಮುಳ್ಳು ಎಲ್ಲೇ ಇರಲಿ, ಬಿಸಿಬಿಸಿ ಬಂದದ್ದನ್ನು ನೆಮ್ಮದಿಯಾಗಿ ತಿನ್ನಿ.

ಹಾಗೆಯೇ ಆ ಚಾಕೊಲೇಟಿನ ವಿಷಯ. ಇಲ್ಲಿ ನಿಮ್ಮನ್ನು ಸ್ವಲ್ಪ ಗದರಿಸಬೇಕು ಮೇಡಂ. ಏಳರ ಮಗ್ಗಿ ತಪ್ಪಿಲ್ಲದೆ ಒಪ್ಪಿಸಿದ ಕೂಸಿಗೆ ಸಿಹಿ ಕೊಟ್ಟಾಗ ಅದು ಮಗ್ಗಿಯ ಜೊತೆಗೆ ಇನ್ನೊಂದು ಪಾಠವನ್ನೂ ಕಲಿಯುತ್ತದೆ: ಗೆದ್ದರೆ ಸಿಹಿ ತಿನ್ನಬೇಕು ಎಂದು. ಆ ಪಾಠ ಮಗ್ಗಿಗಿಂತ ಹೆಚ್ಚು ಕಾಲ ನೆನಪಿರುತ್ತದೆ. ನಲವತ್ತಾರರಲ್ಲಿ ನಿಮಗೂ ನೆನಪಿದೆಯಲ್ಲ! ಶಾಲೆಯಲ್ಲಿ ಹುಟ್ಟುಹಬ್ಬಕ್ಕೆ ಚಾಕೊಲೇಟು, ಕಚೇರಿಯಲ್ಲಿ ಯಾರದೇ ಬಡ್ತಿಗೆ ಕೇಕು ಪಫ್ಸು, ಆಸ್ಪತ್ರೆಯಲ್ಲಿ ರಿಪೋರ್ಟು ಚೆನ್ನಾಗಿ ಬಂತೆಂದು ಪೇಡ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಮಿತಿಗಿಂತ ಹೆಚ್ಚು ತೂಕವಿರುವ ಹೆಂಗಸರು 2015–16ರಲ್ಲಿ ನೂರಕ್ಕೆ 23 ಇದ್ದರು, 2019–21ರ ಹೊತ್ತಿಗೆ 30 ಆದರು. ಐದೇ ವರ್ಷದಲ್ಲಿ. ಮಗುವಿಗೆ ಒಂದು ಬಣ್ಣದ ಪೆನ್ಸಿಲ್ ಕೊಡಿ, ಪ್ರಾರ್ಥನೆಯ ಗಂಟೆ ಬಾರಿಸಲು ಬಿಡಿ. ಆ ಗಂಟೆಗಾಗಿ ನಾನು ಹದಿನಾರರವರೆಗೆ ಮಗ್ಗಿ ಕಲಿತಿದ್ದೆ.

ಈ ಮೂವತ್ತರ ಲೆಕ್ಕವನ್ನು ಹೆಂಗಸರ ನಾಲಿಗೆಚಪಲದ ಮೇಲೆ ಹೊರಿಸುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಐದೂವರೆಗೆ ಏರಿಯ ಮೇಲಿರಬೇಕಾದರೆ ನೀವು ನಾಲ್ಕೂಮುಕ್ಕಾಲಿಗೆ ಎದ್ದು ಹಾಲು ಕಾಯಿಸಿ, ಡಬ್ಬಿಯ ಪಲ್ಯಕ್ಕೆ ಹೆಚ್ಚಿಟ್ಟು ಹೊರಡುತ್ತೀರಿ. ಗಂಡಸು ವಾಕಿಂಗ್ ಮುಗಿಸಿ ಬಂದರೆ ಕಾಫಿ ಕಾದಿರುತ್ತದೆ. ಹೆಂಗಸು ಬಂದರೆ ಕುಕ್ಕರು ಕಾದಿರುತ್ತದೆ. ಇನ್ನು ರಸ್ತೆ! ನಮ್ಮ ಬೀದಿಯ ಫುಟ್‌ಪಾತಿನ ಮೇಲೆ ಒಂದು ಟ್ರಾನ್ಸ್‌ಫಾರ್ಮರು, ಎರಡು ಜಲ್ಲಿ ರಾಶಿ, ಸಾಲಾಗಿ ಬೈಕು. ಅರವತ್ತು ದಾಟಿದ ಹೆಂಗಸರು ಸೆರಗು ಎತ್ತಿಕಟ್ಟಿ ರಸ್ತೆಗೇ ಇಳಿದು ನಡೆಯುತ್ತಾರೆ, ಹಿಂದಿನಿಂದ ಹಾರನ್ನು. ತೂಕ ಇಳಿಸಿ ಎಂದು ಗೋಡೆಯ ಮೇಲೆ ಬರೆಸಲು ಬರುವ ದುಡ್ಡು ಆ ಜಲ್ಲಿ ಎತ್ತಿಸಲು ಬರುವುದಿಲ್ಲ.

ಆದ್ದರಿಂದ ನಿಮ್ಮ ಬಹುಮಾನದ ಬಗ್ಗೆ ನನ್ನ ಸಲಹೆ ಇದು. ಒಂದು ಖಾಲಿ ಡಬ್ಬಿ ಇಡಿ. ಏರಿ ಸುತ್ತಿ ಬಂದ ದಿನ ಚಪ್ಪಲಿ ಬಿಟ್ಟ ಕೂಡಲೇ ಅದರೊಳಗೆ ಇಪ್ಪತ್ತು ರೂಪಾಯಿ ಹಾಕಿ. ಹೋಗದ ದಿನ ಹಾಕಬೇಡಿ, ಹಾಕಿದ್ದನ್ನು ತೆಗೆಯಲೂಬೇಡಿ. ತಿಂಗಳಲ್ಲಿ 25 ದಿನ ನಡೆದರೆ ಐನೂರು ರೂಪಾಯಿ. ಅದರಿಂದ ಗ್ಯಾಸ್ ಸಿಲಿಂಡರು ಬಿಡಿಸಿಕೊಳ್ಳುವಂತಿಲ್ಲ, ಮಗಳ ಫೀಸಿಗೆ ಸೇರಿಸುವಂತಿಲ್ಲ. ಅಷ್ಟನ್ನು ಮಾತ್ರ ನನಗೆ ಮಾತು ಕೊಡಿ. ಒಳ್ಳೆಯ ಶೂ ಕೊಳ್ಳಿ, ಆ ಚಪ್ಪಲಿಯಲ್ಲಿ ಹಿಮ್ಮಡಿ ನೋಯುತ್ತದೆ ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಮಗಳಿಗೂ ಒಂದು ಕೆಲಸ ಹೇಳಿ: ಲಂಚದ ಮಾತು ಆಮೇಲೆ, ವಾರಕ್ಕೆ ಮೂರು ದಿನ ಆ ಪಲ್ಯಕ್ಕೆ ಹೆಚ್ಚುವ ಕೆಲಸ ಅವಳದು. ಆ ಮೂರು ದಿನ ನೀವು ಇನ್ನರ್ಧ ಗಂಟೆ ಮಲಗಿ.