ಆನೆಯ ಕೊರಳಿಗೇರುವ ಮುನ್ನ

ಪ್ರಶ್ನೆ: ನಮ್ಮ ತೋಟಗಳ ಸುತ್ತ ಓಡಾಡುವ ಕಾಡಾನೆ ಹಿಂಡಿನ ಒಂದು ಹೆಣ್ಣಾನೆಗೆ ರೇಡಿಯೋ ಕಾಲರ್ ಹಾಕಲಾಗಿತ್ತು. ಹಿಂಡು ಎಲ್ಲಿದೆಯೆಂದು ಮೊಬೈಲಿಗೆ ಸಂದೇಶ ಬರುತ್ತಿತ್ತು. ಒಂದು ದಿನ ಅದು ನಿಂತೇಹೋಯಿತು. ಇಷ್ಟು ದುಬಾರಿ ಸಾಧನವನ್ನು ತಯಾರಿಸುವಾಗ ಸರಿಯಾಗಿ ಪರೀಕ್ಷಿಸುವುದಿಲ್ಲವೇ?
– ಕಾಫಿ ಬೆಳೆಗಾರರು, ಸಕಲೇಶಪುರ ತಾಲ್ಲೂಕು

ಉತ್ತರ: ಪರೀಕ್ಷಿಸುತ್ತಾರೆ. ಆದರೆ ಯಾವುದನ್ನು, ಎಷ್ಟು ಕಠಿಣವಾಗಿ ಎಂಬುದರಲ್ಲಿ ಒಬ್ಬ ತಯಾರಕರಿಗೂ ಇನ್ನೊಬ್ಬರಿಗೂ ಬಹಳ ಅಂತರವಿರುತ್ತದೆ. ನಿಮ್ಮ ಅನುಭವವಂತೂ ಅಪರೂಪದ್ದಲ್ಲ. ಜಗತ್ತಿನ 167 ಯೋಜನೆಗಳಲ್ಲಿ 62 ಜಾತಿಯ ನೆಲವಾಸಿ ಪ್ರಾಣಿಗಳಿಗೆ ಅಳವಡಿಸಿದ್ದ 3,000ಕ್ಕೂ ಹೆಚ್ಚು ಉಪಗ್ರಹ ಸಾಧನಗಳ ದಾಖಲೆಗಳನ್ನು ಒಟ್ಟುಮಾಡಿ 2019ರಲ್ಲಿ ಪ್ರಕಟಿಸಿದ ಅಧ್ಯಯನವೊಂದರ ಪ್ರಕಾರ, ಅವುಗಳಲ್ಲಿ ಶೇ. 48ರಷ್ಟು ಅವಧಿಗೆ ಮುನ್ನವೇ ಕೆಲಸ ನಿಲ್ಲಿಸಿದ್ದವು, ಮತ್ತು ಹಾಗೆ ನಿಂತವುಗಳಲ್ಲಿ ಅರ್ಧದಷ್ಟಕ್ಕೆ ತಾಂತ್ರಿಕ ದೋಷವೇ ಕಾರಣವಾಗಿತ್ತು.

ಆದರೆ ಸಂದೇಶ ನಿಂತ ಮಾತ್ರಕ್ಕೆ ಕಾಲರ್ ಕೆಟ್ಟಿದೆ ಎನ್ನಲಾಗದು. ಮೊಬೈಲ್ ಜಾಲವನ್ನು ನಂಬಿದ ಕಾಲರ್, ಸಿಗ್ನಲ್ ಇಲ್ಲದ ಕಣಿವೆಗೆ ಆನೆ ಇಳಿದರೆ ಸುಮ್ಮನಾಗುತ್ತದೆ. ಚೆನ್ನಾಗಿ ರೂಪಿಸಿದ ಸಾಧನವಾದರೆ ಆ ಅವಧಿಯ ಸ್ಥಾನಗಳನ್ನು ಕೂಡಿಟ್ಟುಕೊಂಡು, ಮತ್ತೆ ಸಿಗ್ನಲ್ ಸಿಕ್ಕಾಗ ಕಳುಹಿಸುತ್ತದೆ. ವಾರಗಟ್ಟಲೆ ಸದ್ದಿಲ್ಲದಿದ್ದರೆ ಮಾತ್ರ ದೋಷವನ್ನು ಶಂಕಿಸಬೇಕು. ಕೆಟ್ಟ ಕಾಲರನ್ನು ಬದಲಿಸುವುದೆಂದರೆ ಸಾಕಾನೆಗಳನ್ನು ಕರೆತಂದು, ಅರಿವಳಿಕೆ ಚುಚ್ಚುಮದ್ದು ಹಾರಿಸಿ, ಅದೇ ಆನೆಯನ್ನು ಮತ್ತೊಮ್ಮೆ ಕೆಡಹುವುದು. ಕಾಡಾನೆ ಹಿಡಿಯುವ ಕೆಲಸ ಎಷ್ಟು ಅಪಾಯದ್ದೆಂದು ನಿಮ್ಮ ತಾಲ್ಲೂಕಿಗೆ ಹೇಳಬೇಕಾಗಿಲ್ಲ. 2023ರ ಡಿಸೆಂಬರ್‌ನಲ್ಲಿ ಯಸಳೂರು ವಲಯದ ಅಂಥ ಕಾರ್ಯಾಚರಣೆಯಲ್ಲೇ ದಸರಾ ಅಂಬಾರಿ ಹೊತ್ತಿದ್ದ ಅರ್ಜುನ ಪ್ರಾಣ ಕಳೆದುಕೊಂಡ. ರಿಪೇರಿಗೆ ಅವಕಾಶವೇ ಇಲ್ಲವೆಂದು ಭಾವಿಸಿ ತಯಾರಿಸಬೇಕಾದ ವಸ್ತು ಇದು.

ಪ್ರಶ್ನೆ: ನಾನು ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಓದುತ್ತಿದ್ದೇನೆ. ಕಾರ್ಖಾನೆಗಳಲ್ಲಿ ಒಂದು ಬ್ಯಾಚಿನಿಂದ ಕೆಲವನ್ನು ಆರಿಸಿ ಪರೀಕ್ಷಿಸುವ ಪದ್ಧತಿಯಿದೆ. ಪ್ರಾಣಿಗಳ ಟ್ರ್ಯಾಕರ್‌ಗಳಿಗೂ ಅದು ಸಾಕೇ? ಮುಖ್ಯವಾಗಿ ಏನನ್ನು ನೋಡುತ್ತಾರೆ?
– ವಿದ್ಯಾರ್ಥಿನಿ, ತುಮಕೂರು

ಉತ್ತರ: ಸಾಲದು. ಸಾವಿರಾರು ಮೊಬೈಲ್ ಫೋನುಗಳ ನಡುವೆ ನಾಲ್ಕು ಕೆಟ್ಟರೆ ಅಂಗಡಿಯವರು ಬದಲಿಸಿಕೊಡುತ್ತಾರೆ. ಕಾಲರ್‌ಗಳು ಹತ್ತಿಪ್ಪತ್ತರ ಲೆಕ್ಕದಲ್ಲಿ ತಯಾರಾಗುತ್ತವೆ, ಅದೂ ಬಹುಪಾಲು ಕೈಕೆಲಸದಿಂದ. ಇಷ್ಟು ಚಿಕ್ಕ ಬ್ಯಾಚಿನಲ್ಲಿ ಮಾದರಿ ಪರೀಕ್ಷೆಯ ಗಣಿತಕ್ಕೆ ಬಲವಿಲ್ಲ. ಪ್ರತಿಯೊಂದನ್ನೂ ಪರೀಕ್ಷಿಸಬೇಕು, ಪ್ರತಿಯೊಂದಕ್ಕೂ ತನ್ನದೇ ಸಂಖ್ಯೆ ಮತ್ತು ದಾಖಲೆ ಇರಬೇಕು.

ಮೊದಲು ನೋಡಬೇಕಾದ್ದು ನಿದ್ರಾಸ್ಥಿತಿಯ ವಿದ್ಯುತ್ ಬಳಕೆ. ಟ್ರ್ಯಾಕರ್ ದಿನದ ಬಹುಪಾಲು ಮಲಗಿಯೇ ಇರುತ್ತದೆ. ಆಗ ಅದು 50 ಮೈಕ್ರೋಆಂಪಿಯರ್ ಬಳಸಬೇಕಿತ್ತು ಎಂದಿಟ್ಟುಕೊಳ್ಳಿ; ಬೋರ್ಡಿನ ಮೇಲೆ ಫ್ಲಕ್ಸ್ (ಬೆಸುಗೆ ಚೆನ್ನಾಗಿ ಹಿಡಿಯಲೆಂದು ಹಚ್ಚುವ ರಾಸಾಯನಿಕ) ಉಳಿದು, ತೇವ ಹೀರಿ, 500 ಬಳಸತೊಡಗಿದರೆ ವರ್ಷಕ್ಕೆ ಸುಮಾರು 4 ಆಂಪಿಯರ್-ಗಂಟೆ ಸುಮ್ಮನೆ ಸೋರಿಹೋಗುತ್ತದೆ. ಡಿ ಗಾತ್ರದ ಒಂದು ಲಿಥಿಯಂ ಥಯೋನಿಲ್ ಕ್ಲೋರೈಡ್ ಸೆಲ್ಲಿನ ಒಟ್ಟು ಸಾಮರ್ಥ್ಯವೇ ಸುಮಾರು 19 ಆಂಪಿಯರ್-ಗಂಟೆ. ಮೇಜಿನ ಮೇಲೆ ಎರಡು ಸಾಧನಗಳೂ ಒಂದೇ ರೀತಿ ಕೆಲಸ ಮಾಡುತ್ತವೆ. ವ್ಯತ್ಯಾಸ ತಿಳಿಯುವುದು ಮೀಟರಿನಲ್ಲಿ ಮಾತ್ರ.

ಈ ಸೆಲ್ಲುಗಳಿಗೆ ಇನ್ನೊಂದು ಗುಣವಿದೆ. ಬಹುಕಾಲ ಬಳಸದೆ ಇಟ್ಟರೆ ಒಳಗಿನ ಲಿಥಿಯಂ ಮೇಲೆ ತೆಳುವಾದ ಪದರ ಕಟ್ಟಿಕೊಳ್ಳುತ್ತದೆ. ಬಿಡಿಯಾಗಿ ಇಟ್ಟಾಗ ಸೆಲ್ ಕೆಡದಂತೆ ಕಾಯುವುದೂ ಇದೇ ಪದರ. ಆದರೆ ಸಂದೇಶ ಕಳುಹಿಸುವ ಮೋಡೆಮ್ ಥಟ್ಟನೆ ಹೆಚ್ಚು ವಿದ್ಯುತ್ ಎಳೆದಾಗ ಇದೇ ವೋಲ್ಟೇಜನ್ನು ಕುಸಿಯುವಂತೆ ಮಾಡುತ್ತದೆ. ಆಗ ಸಾಧನ ರೀಸೆಟ್ ಆಗುತ್ತದೆ. ಆದ್ದರಿಂದ ಹೊಸ ಸೆಲ್ ಹಾಕಿ ಮಾಡಿದ ಪರೀಕ್ಷೆಯನ್ನು ನಂಬದೆ, ಗೋದಾಮಿನಲ್ಲಿ ತಿಂಗಳುಗಟ್ಟಲೆ ಇದ್ದ ಸೆಲ್ಲಿನೊಡನೆ, ಅತಿ ಕಡಿಮೆ ತಾಪಮಾನದಲ್ಲಿ ಪೂರ್ಣ ಶಕ್ತಿಯಲ್ಲಿ ಪ್ರಸಾರ ಮಾಡಿಸಿ ನೋಡಬೇಕು.

ಪರೀಕ್ಷೆಗಳ ಅನುಕ್ರಮವೂ ಮುಖ್ಯ. ಎಪಾಕ್ಸಿ ಎಂಬ ಗಟ್ಟಿ ಅಂಟು, ಲೋಹ, ಪ್ಲಾಸ್ಟಿಕ್ ಬಿಸಿಗೆ ಒಂದೇ ಪ್ರಮಾಣದಲ್ಲಿ ಹಿಗ್ಗುವುದಿಲ್ಲವಾದ್ದರಿಂದ, ಬಿಸಿ-ತಂಪಿನ ಆವರ್ತನೆಗಳನ್ನೂ ಕಂಪನವನ್ನೂ ಮೊದಲು ಮುಗಿಸಿ, ಆಮೇಲೆ ನೀರಿನ ಪರೀಕ್ಷೆಗೆ ಒಡ್ಡಬೇಕು. ನೀರಿನ ಪರೀಕ್ಷೆ ಮೊದಲೇ ಆಗಿಬಿಟ್ಟರೆ, ಮುಂದೆ ಆಂಟೆನಾದ ಬುಡದಲ್ಲಿ ಬಿಡುವ ಕೂದಲೆಳೆಯ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ.

ತಂತ್ರಾಂಶವನ್ನು ಮರೆಯಬೇಡಿ. ಜಿಪಿಎಸ್ ತನ್ನ ವಾರದ ಎಣಿಕೆಯನ್ನು 1,024 ವಾರಕ್ಕೊಮ್ಮೆ ಸೊನ್ನೆಯಿಂದ ಆರಂಭಿಸುತ್ತದೆ. 2019ರ ಏಪ್ರಿಲ್ 6ರಂದು ಹಾಗಾಯಿತು. ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳದ ರಿಸೀವರ್ ಸುಮಾರು ಇಪ್ಪತ್ತು ವರ್ಷ ಹಿಂದಿನ ದಿನಾಂಕ ತೋರಿಸುತ್ತದೆ. ದಿನಾಂಕ ನೋಡಿ ಏಳುವ, ಮಲಗುವ ಸಾಧನಕ್ಕೆ ಅಷ್ಟೇ ಸಾಕು, ವೇಳಾಪಟ್ಟಿಯೆಲ್ಲ ಅಸ್ತವ್ಯಸ್ತ. ಉಪಗ್ರಹದ ಸಂಕೇತವನ್ನು ಅನುಕರಿಸುವ ಸಿಮ್ಯುಲೇಟರಿನಲ್ಲಿ ಮುಂದಿನ ದಿನಾಂಕಗಳನ್ನು ಕೊಟ್ಟು ಇದನ್ನು ಕಾರ್ಖಾನೆಯಲ್ಲೇ ಪತ್ತೆಹಚ್ಚಬಹುದು.

ಪ್ರಶ್ನೆ: ಐಪಿ67 ಪ್ರಮಾಣಪತ್ರ ಇದ್ದರೆ ಕಾಲರಿನೊಳಗೆ ನೀರು ಹೋಗುವುದಿಲ್ಲವೆಂದು ನಂಬಬಹುದೇ?
– ಓದುಗರು, ಶಿರಸಿ

ಉತ್ತರ: ಒಂದು ಮೀಟರ್ ಆಳದ ನೀರಿನಲ್ಲಿ 30 ನಿಮಿಷ ಮುಳುಗಿಸಿದರೆ ಹಾನಿಯಾಗುವಷ್ಟು ನೀರು ಒಳಸೇರುವುದಿಲ್ಲ ಎಂಬುದಷ್ಟೇ ಅದರ ಭರವಸೆ. ಕೆಸರಿನಲ್ಲಿ ಹೊರಳಿ, ಮರಕ್ಕೆ ಕೊರಳುಜ್ಜಿ, ಮಲೆನಾಡಿನ ಮಳೆಗಾಲ ಕಳೆಯುವ ಆನೆಯ ದಿನಚರಿ ಆ ಪರೀಕ್ಷೆಯಲ್ಲಿ ಇಲ್ಲ.

ಪ್ರಶ್ನೆ: ಸಾಧನ ಬಾಳಿಕೆ ಬರುವುದಿರಲಿ, ಅದನ್ನು ಹೊತ್ತ ಪ್ರಾಣಿಗೆ ಆಗುವ ತೊಂದರೆಯನ್ನು ಗುಣಮಟ್ಟದ ಪರೀಕ್ಷೆಯಲ್ಲಿ ಯಾರಾದರೂ ಗಮನಿಸುತ್ತಾರೆಯೇ?
– ಶಿಕ್ಷಕರು, ಚಾಮರಾಜನಗರ

ಉತ್ತರ: ಗಮನಿಸಲೇಬೇಕು. 2023ರ ಜುಲೈನಲ್ಲಿ ಮಧ್ಯಪ್ರದೇಶದ ಕುನೋ ರಾಷ್ಟ್ರೀಯ ಉದ್ಯಾನದಲ್ಲಿ ಸತ್ತ, ಆಫ್ರಿಕಾದಿಂದ ತಂದಿದ್ದ ಎರಡು ಗಂಡು ಚೀತಾಗಳ ಕಾಲರಿನಡಿ ಹುಳುಬಿದ್ದ ಗಾಯಗಳು ಕಂಡವು. ಕಾಲರ್ ಒಂದನ್ನೇ ದೂರುವುದು ಸರಿಯಲ್ಲವೆಂದು ಅಧಿಕಾರಿಗಳು ಆಗ ಹೇಳಿದರು. ಆಫ್ರಿಕಾದ ಚಳಿಗಾಲಕ್ಕೆ ಹೊಂದಿಕೊಂಡು ಬೆಳೆದ ದಟ್ಟ ತುಪ್ಪಳ ಇಲ್ಲಿನ ಮಳೆಗಾಲದ ತೇವಕ್ಕೆ ಸಿಕ್ಕಿ ಚರ್ಮ ಕೆಟ್ಟಿತೆಂಬ ವಿವರಣೆಯೂ ಬಂತು. ನನ್ನ ದೃಷ್ಟಿಯಲ್ಲಿ ಈ ವಿವರಣೆ ಕಾಲರನ್ನು ಹೊಣೆಯಿಂದ ಬಿಡಿಸುವುದಿಲ್ಲ. ಯಾವ ಪ್ರಾಣಿಗೆ, ಯಾವ ಹವೆಯಲ್ಲಿ ಹಾಕುತ್ತೇವೆ ಎಂಬುದೂ ವಿನ್ಯಾಸದ ಷರತ್ತೇ: ಪಟ್ಟಿ ನೀರು ಹೀರುತ್ತದೆಯೇ, ಒಳಬದಿಯ ಬೋಲ್ಟಿನ ತಲೆ ಚರ್ಮಕ್ಕೆ ತಾಗುತ್ತದೆಯೇ, ಅಂಚು ಮಟ್ಟಸವಾಗಿದೆಯೇ ಎಂಬುದನ್ನೆಲ್ಲ ಬೆರಳಾಡಿಸಿ ನೋಡಬೇಕು.

ತೂಕವೂ ಹಾಗೆಯೇ. 2013ರಲ್ಲಿ ನಾಗಾಲ್ಯಾಂಡಿನಲ್ಲಿ ಅಮುರ್ ಚಾಣಗಳಿಗೆ ಕಟ್ಟಿದ ಸೌರಶಕ್ತಿಯ ಸಾಧನ ತೂಗುತ್ತಿದ್ದುದು 5 ಗ್ರಾಂ. ಹಕ್ಕಿಯ ಮೈತೂಕದ ಶೇ. 3ರಿಂದ 5ರೊಳಗೆ ಇರಬೇಕೆಂಬ ರೂಢಿಯ ಮಿತಿಯಲ್ಲಿ, ಅಂಟು ಒಂದು ಹನಿ ಹೆಚ್ಚಾದರೂ ಲೆಕ್ಕಕ್ಕೆ ಬರುತ್ತದೆ. ಆನೆಯಲ್ಲಿ ಸಮಸ್ಯೆ ಬೇರೆ: ಕೆಳಗಿನ ಪ್ರತಿತೂಕ ಸರಿಯಿಲ್ಲದಿದ್ದರೆ ಪಟ್ಟಿ ತಿರುಗಿ, ಆಂಟೆನಾ ಕತ್ತಿನಡಿಗೆ ಬಂದು, ಆಕಾಶವೇ ಕಾಣದಂತಾಗುತ್ತದೆ.

ಪ್ರಶ್ನೆ: ದೇಶೀಯ ಕಾಲರ್ ಕೊಳ್ಳಬಹುದೇ? ಕೊಳ್ಳುವವರು ಏನು ಕೇಳಬೇಕು?
– ವನ್ಯಜೀವಿ ಆಸಕ್ತರು, ಮೈಸೂರು

ಉತ್ತರ: ಕರ್ನಾಟಕ ಅರಣ್ಯ ಇಲಾಖೆ 2025ರಲ್ಲಿ, ಆಮದು ಕಾಲರಿಗಿಂತ ಹಗುರವೂ ಅಗ್ಗವೂ ಆದ ಕೆಪಿ ಟ್ರ್ಯಾಕರ್ ಎಂಬ ದೇಶೀಯ ಆನೆ ಕಾಲರನ್ನು ಹೊರತಂದಿದೆ. ತಯಾರಕರು ಹತ್ತಿರದಲ್ಲಿದ್ದರೆ ಕೆಟ್ಟ ಸಾಧನ ಅವರ ಮೇಜಿಗೆ ಬೇಗ ಮರಳುತ್ತದೆ. ಅಗ್ಗದ ಬೆಲೆಗಿಂತ ದೊಡ್ಡ ಲಾಭ ಇದೆಂದು ನನಗನಿಸುತ್ತದೆ. ಯಾರಿಂದಲೇ ಕೊಂಡರೂ, ಇದುವರೆಗೆ ಎಷ್ಟು ಸಾಧನಗಳು ಪ್ರಾಣಿಗಳ ಮೇಲೇರಿವೆ, ಅವಧಿಗೆ ಮುನ್ನ ನಿಂತವೆಷ್ಟು, ನಿಂತದ್ದರ ಕಾರಣವೇನು ಎಂಬುದನ್ನು ಲಿಖಿತವಾಗಿ ಕೇಳಿ. ಪೆಟ್ಟಿಗೆ ಬಂದ ಮೇಲೆ, ಸಾಧನವನ್ನು ಮಲಗಿಸಿಟ್ಟಿರುವ ಅಯಸ್ಕಾಂತ ತೆಗೆದು, ಕೆಲವು ದಿನ ಬಯಲಿನಲ್ಲೂ ಕೆಲವು ದಿನ ಮರಗಳಡಿಯಲ್ಲೂ ಇಟ್ಟು, ಬಂದ ಸ್ಥಾನಗಳನ್ನು ನಿಜವಾದ ಜಾಗದೊಡನೆ ಹೋಲಿಸಿ. ಅಲುಗದೆ ಬಿದ್ದಿರುವ ಕಾಲರ್ ಸಾವಿನ ಸೂಚನೆ ಕಳುಹಿಸುತ್ತದೆಯೇ ಎಂಬುದೂ ಆಗಲೇ ತಿಳಿಯುತ್ತದೆ.