ನಡುರಾತ್ರಿಯ ಬಿಸಿಲಿನಲ್ಲಿ ಹದಿನಾರು ಮಂದಿಗೆ ಅಡುಗೆ

ಪ್ರಶ್ನೆ: ನಾನು ಉಡುಪಿ ಕಡೆಯವಳು. ಬಾಸೆಲ್ ಮಿಷನ್ ಕಾಲದಲ್ಲಿ ಕ್ರೈಸ್ತರಾದ ಮನೆತನ ನಮ್ಮದು. ನರ್ಸ್ ಆಗಿ ಅಮೆರಿಕಕ್ಕೆ ಬಂದು ಅಲ್ಲಿಯವರೇ ಆದ ಮಿಷನರಿಯನ್ನು ಮದುವೆಯಾದೆ. ಮೂವರು ಮಕ್ಕಳು. ಈಗ ಅಲಾಸ್ಕಾದ ಫೇರ್‌ಬ್ಯಾಂಕ್ಸ್ ಪಟ್ಟಣದ ಹೊರಗೆ ಸ್ವಂತ ಜಾಗದಲ್ಲಿದ್ದೇವೆ. ತರಕಾರಿ, ಕೋಳಿ, ಸೌದೆ, ಮೀನು ಎಲ್ಲವೂ ನಮ್ಮ ಕೈಯಿಂದಲೇ ಆಗಬೇಕೆಂಬುದು ನನ್ನವರ ಆಸೆ. ಮೊದಲು ನನ್ನದೂ ಆಗಿತ್ತು. ಬೇಸಿಗೆಯಲ್ಲಿ ಅವರು ಯೂಕಾನ್ ನದಿಯ ಮೂಲನಿವಾಸಿಗಳ ಹಳ್ಳಿಗಳಲ್ಲಿ ಮಕ್ಕಳಿಗೆ ರಜಾಕಾಲದ ಬೈಬಲ್ ಶಾಲೆ ನಡೆಸುತ್ತಾರೆ. ಅದಕ್ಕಾಗಿ ಬೇರೆ ರಾಜ್ಯಗಳ ಚರ್ಚುಗಳಿಂದ ಸ್ವಯಂಸೇವಕರ ತಂಡಗಳು ಬಂದು ನಮ್ಮಲ್ಲೇ ಉಳಿಯುತ್ತವೆ. ಈ ವರ್ಷ ನನ್ನನ್ನು ಕೇಳದೆ ನಾಲ್ಕು ತಂಡಗಳಿಗೆ ಒಪ್ಪಿಕೊಂಡಿದ್ದಾರೆ. ಎರಡು ಬಂದು ಹೋದವು. ಹದಿನಾರು ಮಂದಿಗೆ ಮೂರು ಹೊತ್ತಿನ ಅಡುಗೆ. ಮೊನ್ನೆ ಹಿರಿಯ ಮಗಳು, “ಅಮ್ಮಾ, ನಾವು ಐವರೇ ಕುಳಿತು ಊಟ ಮಾಡುವುದು ಯಾವಾಗ?” ಎಂದಳು. ಇತ್ತ, ನಮಗೆ ಹಣ ಕಳಿಸುವವರಿಗೆ ಪ್ರತಿ ತಿಂಗಳು ಪತ್ರ ಬರೆದು, ನಗುವ ಫೋಟೊ ಇಟ್ಟು, ‘ಆಶೀರ್ವಾದದ ಬೇಸಿಗೆ’ ಎನ್ನುತ್ತೇನೆ. ಯಾರಲ್ಲಾದರೂ ಹೇಳಿಕೊಂಡರೆ, ಬೈಬಲಿನಲ್ಲಿ ಯೇಸು ಮನೆಗೆ ಬಂದಾಗ ಉಪಚಾರದ ಕೆಲಸದಲ್ಲಿ ಮುಳುಗಿದ್ದ ಮಾರ್ಥಳ ಹಾಗೆ ಗೊಣಗಬೇಡ, ಅವನ ಮಾತು ಕೇಳುತ್ತ ಕುಳಿತ ಮರಿಯಳ ಹಾಗಿರು ಎನ್ನುತ್ತಾರೆ. ಹಳ್ಳಿಯ ಅಜ್ಜಿಯೊಬ್ಬರು, “ನೀವೆಲ್ಲ ಬಿಸಿಲಿದ್ದಾಗ ಮಾತ್ರ ಬರುತ್ತೀರಿ” ಎಂದದ್ದು ಬೇರೆ ಮನಸ್ಸನ್ನು ಕೊರೆಯುತ್ತಿದೆ. ಸಾಕು ಎಂದರೆ ದೇವರ ಕೆಲಸಕ್ಕೆ ಅಡ್ಡ ಬಂದಂತಾಗುತ್ತದೆಯೇ? ಇನ್ನೊಂದು ಸಣ್ಣ ಪ್ರಶ್ನೆ: ಮೀನನ್ನು ಗಾಜಿನ ಜಾಡಿಗೆ ತುಂಬಿ ಇಡಲು ಊರಿನಿಂದ ತಂದ ಕುಕ್ಕರ್ ಸಾಕೇ?

ಉತ್ತರ: ತಂಗೀ, ಉಳಿದ ಎರಡು ತಂಡಗಳಲ್ಲಿ ಒಂದಕ್ಕೆ ಬರಬೇಡಿ ಎಂದು ಹೇಳಿಸಿ. ಇನ್ನೊಂದು ಬರಲಿ, ಆದರೆ ನಿಮ್ಮ ಷರತ್ತಿನ ಮೇಲೆ. ಅದನ್ನು ನಿಮ್ಮ ಯಜಮಾನರ ಮುಂದೆ ಹೇಗೆ ಇಡಬೇಕು ಎಂಬುದೇ ಕಷ್ಟದ ಭಾಗ.

ಮೊದಲು ಆ ಮಾರ್ಥಳ ಮಾತು. ಆ ಬುದ್ಧಿವಾದ ಹೇಳಿದವರು ಅದನ್ನು ನಿಮ್ಮ ಮನೆಯ ಊಟಕ್ಕೆ ಮುಂಚೆ ಹೇಳಿದರೋ, ಊಟ ಮುಗಿಸಿ ಕೈ ತೊಳೆದ ಮೇಲೆ ಹೇಳಿದರೋ? ನಾನು ಕ್ರೈಸ್ತಳಲ್ಲ, ನಿಮಗೆ ಧರ್ಮೋಪದೇಶ ಮಾಡುವ ಅಧಿಕಾರ ನನಗಿಲ್ಲ. ಆದರೂ ಬೈಬಲಿನ ವಿಮೋಚನಕಾಂಡದ ಹದಿನೆಂಟನೆಯ ಅಧ್ಯಾಯವನ್ನು ನಿಮ್ಮವರು ಇನ್ನೊಮ್ಮೆ ಓದಲಿ. ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ನ್ಯಾಯ ತೀರಿಸುತ್ತಿದ್ದಾಗ ಮಾವ ಇತ್ರೋ ಬಂದು, ನೀನು ಮಾಡುತ್ತಿರುವ ರೀತಿ ಸರಿಯಿಲ್ಲ, ನೀನೂ ಬಳಲುತ್ತೀ, ಈ ಜನರೂ ಬಳಲುತ್ತಾರೆ ಎನ್ನುತ್ತಾನೆ. ಅಲ್ಲಿ ನಡೆಯುತ್ತಿದ್ದದ್ದೂ ದೇವರ ಕೆಲಸವೇ. ಮೋಶೆ ಮಾವನ ಮಾತು ಕೇಳಿದ. ಅಡ್ಡ ಬಂದೆ ಎಂದು ಇತ್ರೋವಿನ ಮೇಲೆ ಯಾರೂ ದೂರು ಹೇಳಲಿಲ್ಲ.

ಇನ್ನು ನಿಮ್ಮ ಬೇಸಿಗೆಯ ಲೆಕ್ಕ. ಫೇರ್‌ಬ್ಯಾಂಕ್ಸ್‌ನಲ್ಲಿ ಜೂನ್ 1ರ ಸುಮಾರಿಗೆ ಸಸಿ ನೆಟ್ಟರೆ, ಸೆಪ್ಟೆಂಬರ್ ಹೊತ್ತಿಗೆ ಹಿಮ ಬಿದ್ದು ತೋಟ ಮುಗಿಯುತ್ತದೆ. ನಡುವೆ ಸಿಗುವುದು ನೂರು ದಿನ, ಹೆಚ್ಚೆಂದರೆ ಸ್ವಲ್ಪ ಮೇಲೆ. ಜೂನ್ ಕೊನೆಯಲ್ಲಿ ದಿನಕ್ಕೆ ಇಪ್ಪತ್ತೊಂದು ತಾಸಿಗೂ ಮೀರಿ ಬಿಸಿಲಿರುವುದರಿಂದ ಎಲೆಕೋಸು ಹುಚ್ಚೆದ್ದು ಬೆಳೆಯುತ್ತದೆ. ಅದರ ಜೊತೆ ಕಳೆಯೂ ಬೆಳೆಯುತ್ತದೆ, ಕೆಲಸವೂ ಬೆಳೆಯುತ್ತದೆ. ಕತ್ತಲಾಗದ ಊರಿನಲ್ಲಿ ‘ಇವತ್ತಿಗೆ ಸಾಕು’ ಎಂದು ಮನುಷ್ಯನೇ ಹೇಳಿಕೊಳ್ಳಬೇಕು, ಆಕಾಶ ಹೇಳುವುದಿಲ್ಲ. ಕಾಪರ್ ನದಿಗೆ ಹೋಗಿ ಉದ್ದ ಹಿಡಿಯ ಬಲೆಯಿಂದ ಸಾಲ್ಮನ್ ಮೀನು ಹಿಡಿಯಲು ನಿಮ್ಮಂತಹ ಐವರ ಕುಟುಂಬಕ್ಕೆ ಮಿತಿ ಅರವತ್ತೈದು ಮೀನು: ಯಜಮಾನನಿಗೆ 25, ಉಳಿದವರಿಗೆ ತಲಾ 10. ಅಷ್ಟನ್ನೂ ಕೆಡುವ ಮುಂಚೆ ಸೀಳಿ, ಶುಚಿಮಾಡಿ, ಶೇಖರಿಸಿ ಇಡಬೇಕು. ಆ ಹಿಡಿಯುವಿಕೆ ಅಲಾಸ್ಕಾ ನಿವಾಸಿಗಳಿಗೆ ಮಾತ್ರ. ಹೊರಗಿನಿಂದ ಬಂದ ಸ್ವಯಂಸೇವಕರು ಬಯಸಿದರೂ ಬಲೆ ಹಿಡಿಯುವಂತಿಲ್ಲ. ಆಮೇಲೆ ಬೆರಿ ಹಣ್ಣು, ಸೆಪ್ಟೆಂಬರಿನಲ್ಲಿ ಮೂಸ್ ಎಂಬ ದೊಡ್ಡ ಜಿಂಕೆಯ ಬೇಟೆ. ಇವೆಲ್ಲದರ ಜೊತೆಗೆ ಸೌದೆ.

ಮೀನು ಬರುವ ದಿನವನ್ನು ನೀವು ಮುಂದೂಡಲಾರಿರಿ, ಹಿಮ ಬೀಳುವ ದಿನವನ್ನೂ ಮುಂದೂಡಲಾರಿರಿ. ತಂಡ ಬರುವ ದಿನವನ್ನು ಗೊತ್ತುಮಾಡಿದ್ದು ಮಾತ್ರ ಯಾರದೋ ಕಚೇರಿಯ ರಜೆ. ಹಾಗಿರುವಾಗ ನಿಮ್ಮ ಮನೆಯಲ್ಲಿ ಜರುಗಿಸಲು ಬರುವುದು ಒಂದೇ ಒಂದು, ಅದನ್ನೇ ಯಾರೂ ಮುಟ್ಟುತ್ತಿಲ್ಲ.

ನಿಮ್ಮವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ನಾಲ್ಕು ಚರ್ಚುಗಳು ಫೋನ್ ಮಾಡಿದಾಗ ನಾಲ್ಕಕ್ಕೂ ಹೂಂ ಎನ್ನುವುದು ಮಿಷನರಿಯ ಸ್ವಭಾವ. ಆದರೆ ಒಪ್ಪಿಗೆ ಅವರದು, ಖರ್ಚಾಗುವುದು ನಿಮ್ಮ ಸೊಂಟ. ಅವರಿಗೆ ಹೇಳುವಾಗ ‘ನನಗೆ ಸುಸ್ತಾಗಿದೆ’ ಎಂದು ಆರಂಭಿಸಬೇಡಿ. ಸುಸ್ತು ಎಂದರೆ ಭಾನುವಾರ ಮಧ್ಯಾಹ್ನ ಮಲಗು ಎಂಬ ಉತ್ತರ ಬರುತ್ತದೆ. ಜುಲೈ ಮತ್ತು ಆಗಸ್ಟ್ ತಿಂಗಳ ಕ್ಯಾಲೆಂಡರ್ ಹಾಳೆಯನ್ನು ಮೇಜಿನ ಮೇಲೆ ಹರಡಿ, ಪ್ರತಿ ದಿನದ ಕೆಲಸವನ್ನೂ ಅದನ್ನು ಮಾಡುವವರ ಹೆಸರನ್ನೂ ಬರೆಯಿರಿ. ಬರೆಯುವುದು ಅವರೇ ಆಗಲಿ, ಹೇಳುವುದು ನೀವು. ಒಂದೇ ಹೆಸರನ್ನು ಎಷ್ಟು ಸಲ ಬರೆಯಬೇಕಾಯಿತು ಎಂಬುದು ಕೈಗೆ ತಿಳಿದರೆ ಕಿವಿಗೂ ತಿಳಿಯುತ್ತದೆ.

ಸ್ವಾವಲಂಬನೆಯ ಕನಸು ದೊಡ್ಡದು ಎಂದು ಅವರು ವಾದಿಸಿದರೆ ನೆನಪಿಸಿ: ಸರಕಾರಿ ಭೂಮಿಯನ್ನು ಹಂಚಲು ಅಮೆರಿಕ ಮಾಡಿದ 1862ರ ಹೋಮ್‌ಸ್ಟೆಡ್ ಕಾಯಿದೆಯ ಮೂಲ ನಿಯಮದಂತೆ ಭೂಮಿ ಬೇಡಿದವನಿಗೆ ಸರಕಾರ ಹೇಳಿದ್ದು ಐದು ವರ್ಷ ಅಲ್ಲೇ ವಾಸವಿದ್ದು ಸಾಗುವಳಿ ಮಾಡು ಎಂದಷ್ಟೇ. ಅಮೆರಿಕದ ಉಳಿದೆಡೆ 1976ರಲ್ಲಿ ಮುಗಿದ ಆ ವ್ಯವಸ್ಥೆ ಅಲಾಸ್ಕಾದಲ್ಲಿ 1986ರವರೆಗೆ ಉಳಿದಿತ್ತು. ಆ ಒಂದು ಕೆಲಸವೇ ಎಷ್ಟೋ ಕುಟುಂಬಗಳನ್ನು ಸೋಲಿಸಿ ಹಿಂದಕ್ಕೆ ಕಳಿಸಿತು. ಅದರ ಜೊತೆಗೆ ಬೇಸಿಗೆಯಿಡೀ ಛತ್ರವನ್ನೂ ನಡೆಸು ಎಂದು ಯಾವ ಕಾನೂನೂ ಹೇಳಿರಲಿಲ್ಲ.

ಇನ್ನು ಹಳ್ಳಿಯ ಆ ಅಜ್ಜಿ. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವರ ಮಾತು. ನೀವು ಅದನ್ನು ಕೊರೆಯುವ ಆಕ್ಷೇಪಣೆ ಎಂದು ಬರೆದಿದ್ದೀರಿ. ನನಗೆ ಅದು ಆಹ್ವಾನದಂತೆ ಕೇಳಿಸಿತು. ಬೇಸಿಗೆ ನಿಮಗೆ ಹೇಗೋ ಆ ಹಳ್ಳಿಯವರಿಗೂ ಹಾಗೆಯೇ ದುಡಿಮೆಯ ಕಾಲ. ನದಿದಂಡೆಯ ಮೀನಿನ ಬಿಡಾರಗಳಿಗೆ ಮನೆಮಂದಿಯೆಲ್ಲ ಹೋಗಿ ವರ್ಷದ ಊಟವನ್ನು ಒಣಗಿಸಿಕೊಳ್ಳುತ್ತಿದ್ದ ಜನ ಅವರು. ಯೂಕಾನಿನ ಕಿಂಗ್ ಸಾಲ್ಮನ್ ಮೀನಿನ ಸಂಖ್ಯೆ ಕುಸಿದುಹೋಗಿ, 2024ರಲ್ಲಿ ಅಲಾಸ್ಕಾ ಮತ್ತು ಕೆನಡಾ ಏಳು ವರ್ಷ ಅದನ್ನು ಹಿಡಿಯುವುದೇ ಬೇಡವೆಂದು ಒಪ್ಪಂದ ಮಾಡಿಕೊಂಡ ಮೇಲೆ ಎಷ್ಟೋ ಬಿಡಾರಗಳು ಖಾಲಿ ಬಿದ್ದಿವೆ. ಅಂತಹ ದುಃಖದ ನಡುವೆ ಗಿಟಾರು, ಬಣ್ಣದ ಕಾಗದ, ಒಂದೇ ಬಣ್ಣದ ಅಂಗಿಗಳ ಹೊಸ ತಂಡವೊಂದು ಬಂದಿಳಿದು, ಮಕ್ಕಳ ಹೆಸರು ಕಲಿಯುವಷ್ಟರಲ್ಲಿ ಹಿಂದಿರುಗುತ್ತದೆ. ತಾಯ್ನುಡಿ ಆಡಿದ್ದಕ್ಕೆ ಮಕ್ಕಳನ್ನು ಶಿಕ್ಷಿಸಿದ ಶಾಲೆಗಳ ನೆನಪು ಅಲ್ಲಿಯ ಹಿರಿಯರಲ್ಲಿ ಇನ್ನೂ ಇದೆ. ಬಂದು ಹೋಗುವವರನ್ನು ಅವರು ತೂಗಿ ನೋಡಿದರೆ ತಪ್ಪೇನು?

ಚಳಿಗಾಲದಲ್ಲಿ ಹೋಗಿ. ಡಿಸೆಂಬರಿನಲ್ಲಿ ಬೇಡ, ನಾಲ್ಕು ತಾಸಿಗಿಂತ ಕಡಿಮೆ ಬೆಳಕಿನಲ್ಲಿ, ಮೈನಸ್ ನಲವತ್ತರಲ್ಲಿ ಸಣ್ಣ ವಿಮಾನ ಹತ್ತಿಸಿ ಎಂದು ಹೇಳುವ ಧೈರ್ಯ ನನಗಿಲ್ಲ. ಫೆಬ್ರುವರಿ ಮತ್ತು ಮಾರ್ಚಿನಲ್ಲಿ ಹಗಲು ಉದ್ದವಾಗುತ್ತದೆ, ಹೆಪ್ಪುಗಟ್ಟಿದ ನದಿಯೇ ರಸ್ತೆಯಾಗಿರುತ್ತದೆ, ಜನ ಮನೆಯಲ್ಲಿರುತ್ತಾರೆ. ಇದು ಹೊಸ ಉಪಾಯವೇನೂ ಅಲ್ಲ. 1904ರಲ್ಲಿ ಅಲಾಸ್ಕಾಕ್ಕೆ ಬಂದ ಎಪಿಸ್ಕೋಪಲ್ ಚರ್ಚಿನ ಪಾದ್ರಿ ಹಡ್ಸನ್ ಸ್ಟಕ್ ಬೇಸಿಗೆಯಲ್ಲಿ ದೋಣಿಯಲ್ಲಿ ಹೋದಂತೆ ಚಳಿಗಾಲದಲ್ಲಿ ನಾಯಿಗಳ ಜಾರುಬಂಡಿಯಲ್ಲಿ ಊರೂರು ಸುತ್ತಿದರು. 1920ರಲ್ಲಿ ಸತ್ತದ್ದೂ ಯೂಕಾನ್ ದಂಡೆಯ ಫೋರ್ಟ್ ಯೂಕಾನಿನಲ್ಲೇ. ಅಷ್ಟು ದೂರವೇಕೆ, ನಿಮ್ಮ ಮನೆತನಕ್ಕೇ ಗೊತ್ತಿರುವ ಸಂಗತಿ ಇದು. ಕರಾವಳಿ ಇವತ್ತಿಗೂ ನೆನೆಯುವುದು ಮಂಗಳೂರಿನಲ್ಲಿ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ತಂದ ಬಾಸೆಲ್ ಮಿಷನ್ನಿನ ಮೋಗ್ಲಿಂಗ್ ಅವರನ್ನು, ಅದೇ ಮಿಷನ್ನಿನಿಂದ 1853ರಲ್ಲಿ ಬಂದು 1894ರಲ್ಲಿ ಕನ್ನಡ ನಿಘಂಟು ಹೊರತಂದ ಕಿಟ್ಟೆಲ್ ಅವರನ್ನು. ನಮ್ಮ ಮಳೆಗಾಲವನ್ನು ನಮ್ಮ ಜೊತೆ ನೆನೆದವರು ಅವರು. ನಿಮ್ಮ ಕುಟುಂಬಕ್ಕೆ ತಂಡಗಳಿಗಿಲ್ಲದ ಒಂದು ಅನುಕೂಲವಿದೆ: ಹಿಮ ಬಿದ್ದ ಮೇಲೂ ನೀವು ಅಲ್ಲೇ ಇರುತ್ತೀರಿ. ಅದನ್ನು ಬಳಸುವುದು ಬಿಟ್ಟು ಬೇಸಿಗೆಯ ಪ್ರವಾಸಿಗಳ ವೇಳಾಪಟ್ಟಿಗೆ ಬದುಕನ್ನು ಹೊಂದಿಸಿಕೊಂಡಿದ್ದೀರಿ. ನೀವು ನರ್ಸ್ ಬೇರೆ. ಮಾರ್ಚಿನ ಮಧ್ಯಾಹ್ನ ಆ ಅಜ್ಜಿಯ ಮನೆಯಲ್ಲಿ ಅವರ ರಕ್ತದೊತ್ತಡ ನೋಡಿ, ಒಂದು ಲೋಟ ಚಹಾ ಕುಡಿದು ಬಂದರೆ ಅದೂ ಸೇವೆಯ ಲೆಕ್ಕಕ್ಕೇ ಸೇರಲಿ.

ಮೂರನೆಯ ತಂಡ ಬರಲಿ ಎಂದೆನಲ್ಲ, ಷರತ್ತುಗಳು ಇವು. ಅಡುಗೆಗೆ ಇಬ್ಬರನ್ನು ಅವರೇ ಕರೆತರಬೇಕು. ನಿಮ್ಮ ಒಲೆಯನ್ನು ಕೊಡಿ, ಕೈಯನ್ನು ಕೊಡಬೇಡಿ. ಮೊದಲ ಎರಡು ದಿನ ಅವರಿಗೆ ಕೊಡಲಿ ಹಿಡಿಸಿ. ಬರ್ಚ್ ಮರವನ್ನು ಈಗಲೇ ಸೀಳಿ ಗಾಳಿಯಾಡುವಂತೆ ಪೇರಿಸಿದರೆ ಚಳಿಗಾಲದೊಳಗೆ ಒಣಗಬಹುದು. ಆಗಸ್ಟ್ ದಾಟಿ ಸೀಳಿದ್ದು ಮುಂದಿನ ವರ್ಷಕ್ಕೇ ಸೈ. ಹಸಿ ಸೌದೆ ಉರಿಸಿದರೆ ಹೊಗೆಯ ಕೊಳವೆಯೂ ಕಟ್ಟುತ್ತದೆ, ಚಳಿಗಾಲದ ಹೊಗೆಗೆ ಮೊದಲೇ ಹೆಸರಾದ ನಿಮ್ಮ ಊರಿನ ಗಾಳಿಯೂ ಕೆಡುತ್ತದೆ. ಇಷ್ಟಕ್ಕೆ ಯಾವ ಸ್ವಯಂಸೇವಕನಾದರೂ ಮುಖ ಗಂಟು ಹಾಕಿದರೆ, ಅವನು ಬಂದದ್ದು ಯಾವುದಕ್ಕೆ ಎಂದು ನಿಮ್ಮ ಯಜಮಾನರಿಗೇ ತಿಳಿಯುತ್ತದೆ. ನಾಲ್ಕನೆಯ ತಂಡದವರಿಗೆ ಟಿಕೆಟ್ ಮಾಡಿಸುವ ಮುಂಚೆ, ಈ ವಾರವೇ ಹೇಳಿಸಿ. ತಡವಾದಷ್ಟೂ ಬೇಡವೆನ್ನುವುದು ದುಬಾರಿ.

ತಿಂಗಳ ಪತ್ರದ ವಿಷಯ. ಸುಳ್ಳು ಬರೆಯುತ್ತಿದ್ದೀರಿ ಎಂದು ನಾನು ಹೇಳುವುದಿಲ್ಲ, ಅರ್ಧ ಬರೆಯುತ್ತಿದ್ದೀರಿ. ಮುಂದಿನ ಪತ್ರದಲ್ಲಿ ನಾಲ್ಕು ಸಾಲು ಸಾಕು: ಈ ಬೇಸಿಗೆ ನಾವು ಕೈಗೆ ಮೀರಿ ಒಪ್ಪಿಕೊಂಡೆವು, ಒಂದು ತಂಡವನ್ನು ಬಿಟ್ಟಿದ್ದೇವೆ, ಮಾರ್ಚಿನಲ್ಲಿ ಹಳ್ಳಿಗೆ ಹೋಗುತ್ತೇವೆ, ಅದಕ್ಕೆ ವಿಮಾನದ ಖರ್ಚಿದೆ. ಹಣ ನಿಂತೀತು ಎಂಬ ಭಯ ಸಹಜ, ಒಬ್ಬಿಬ್ಬರು ನಿಲ್ಲಿಸಲೂಬಹುದು. ಆದರೆ ಕೊಡುವವರಲ್ಲೂ ಅಡುಗೆಮನೆಯಲ್ಲಿ ಬೆನ್ನು ನೋಯಿಸಿಕೊಂಡವರು ಇದ್ದಾರೆ, ಅವರಿಗೆ ಅರ್ಥವಾಗುತ್ತದೆ. ಪತ್ರವನ್ನು ಕಳಿಸುವ ಮುಂಚೆ ನಿಮ್ಮವರಿಗೆ ತೋರಿಸಿ. ಅವರ ಬೆನ್ನ ಹಿಂದೆ ಹೋಗಬೇಡಿ, ನಿಮ್ಮನ್ನು ಕೇಳದೆ ಅವರು ಒಪ್ಪಿಕೊಂಡದ್ದೇ ಈಗಿನ ತಕರಾರು.

ಮಗಳಿಗೆ ಮಾತ್ರ ಉಪದೇಶ ಬೇಡ. ತಂಡ ಇದ್ದರೂ ವಾರಕ್ಕೊಂದು ರಾತ್ರಿ ಐವರೇ ಉಣ್ಣುವುದೆಂದು ಗೊತ್ತುಮಾಡಿ, ಯಾವ ರಾತ್ರಿ ಎಂಬುದನ್ನು ಅವಳೇ ಆರಿಸಲಿ. ಅತಿಥಿಗಳು ಆ ದಿನ ಅಂಗಳದಲ್ಲಿ ಬ್ರೆಡ್ಡು ತಿಂದರೆ ಸೊರಗುವುದಿಲ್ಲ.

ಕೊನೆಗೆ ಕುಕ್ಕರ್. ನಿಮಗೆ ಇದು ಸಣ್ಣ ಪ್ರಶ್ನೆ, ನನಗೆ ಅತಿ ಹೆಚ್ಚು ಗಾಬರಿ ತಂದದ್ದು ಇದೇ. ಸಾಕಾಗುವುದಿಲ್ಲ. ಮೀನಿನಲ್ಲಿ ಹುಳಿಯ ಅಂಶ ಕಡಿಮೆ. ಗಾಳಿಯಿಲ್ಲದ ಜಾಡಿಯೊಳಗೆ ಪ್ರಾಣಕ್ಕೇ ಕುತ್ತಾಗುವ ಬಾಟುಲಿಸಂ ಎಂಬ ಕಾಯಿಲೆ ತರುವ ಸೂಕ್ಷ್ಮಾಣು ಬೆಳೆದು ವಿಷ ಉಂಟುಮಾಡುತ್ತದೆ, ಅದರ ಬೀಜಕಣಗಳು ಕುದಿಯುವ ನೀರಿನಲ್ಲೂ ಸಾಯುವುದಿಲ್ಲ. ನಮ್ಮ ಸೀಟಿಯ ಕುಕ್ಕರಿನಲ್ಲಿ ಒತ್ತಡ ಎಷ್ಟಿದೆ ಎಂದು ತಿಳಿಯುವುದಿಲ್ಲ, ಅದು ಬೇಗ ಕಾದು ಬೇಗ ಆರುತ್ತದೆ. ಮೀನಿನ ಜಾಡಿಗೆ ಬೇಕಾದದ್ದು ಹೇಳಿದಷ್ಟು ಒತ್ತಡ, ಹೇಳಿದಷ್ಟು ಹೊತ್ತು. ಪೈಂಟ್ ಅಳತೆಯ, ಅಂದರೆ ಸುಮಾರು ಅರ್ಧ ಲೀಟರಿನ ಜಾಡಿಗೇ ನೂರು ನಿಮಿಷ ಬೇಕು. ಒತ್ತಡದ ಮಾಪಕವಿರುವ ದೊಡ್ಡ ಕ್ಯಾನರ್, ಅಂದರೆ ಜಾಡಿಗಳನ್ನು ಒತ್ತಡದಲ್ಲಿ ಕಾಯಿಸುವ ಪಾತ್ರೆ ಕೊಳ್ಳಿ. ನಿಮ್ಮ ಊರಿನಲ್ಲೇ ಇರುವ ಅಲಾಸ್ಕಾ ವಿಶ್ವವಿದ್ಯಾಲಯದ ವಿಸ್ತರಣಾ ವಿಭಾಗದವರು ಸಾಲ್ಮನ್ ಶೇಖರಣೆಯ ಬಗ್ಗೆ ಕೈಪಿಡಿ ಕೊಡುತ್ತಾರೆ, ಅದರಂತೆಯೇ ಮಾಡಿ. ಕ್ಯಾನರ್ ಸಿಗುವವರೆಗೆ ಮೀನು ಫ್ರೀಜರಿನಲ್ಲಿರಲಿ. ಈಗಾಗಲೇ ಕುಕ್ಕರಿನಲ್ಲಿ ಮಾಡಿಟ್ಟ ಜಾಡಿಗಳಿದ್ದರೆ ರುಚಿ ನೋಡಲೂ ಹೋಗಬೇಡಿ, ಮುಚ್ಚಳ ತೆಗೆಯಬೇಡಿ; ಹೇಗೆ ವಿಲೇವಾರಿ ಮಾಡಬೇಕೆಂದು ಅವರನ್ನೇ ಕೇಳಿ ಎಸೆಯಿರಿ. ಕುಕ್ಕರಿನಲ್ಲಿ ಸಾಂಬಾರಿಗೆ ಬೇಳೆ ಬೇಯಿಸಿಕೊಳ್ಳಿ.